ಹದ ಮಾಡಿದ ನೀರು

ಕುದಿಯುತ್ತಿದ್ದ ನೀರನ್ನು ಒಲೆಯಿಂದ ಇಳಿಸಿ, ಅತ್ತೆ ನಲ್ಲಿಯಿಂದ ಒಂದು ಚೊಂಬು ತಣ್ಣೀರು ಹಿಡಿದು ಅದಕ್ಕೇ ಸುರಿದರು. ಬೆರಳು ಅದ್ದಿ ನೋಡಿ ಇನ್ನರ್ಧ ಚೊಂಬು ಸುರಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಅದನ್ನು ಕಂಡಳು.

ಹೊಲಿಗೆ ಕಾರ್ಖಾನೆಯ ಬಸ್ಸು ಬೆಳಗಾಗುವ ಮೊದಲೇ ಬರುತ್ತಿದ್ದುದರಿಂದ ಅವಳು ಇದನ್ನು ಎಂದೂ ಕಂಡಿರಲಿಲ್ಲ, ಇವತ್ತು ರಜೆ. ಕೊಳವೆ ಒಡೆದು ಚರಂಡಿ ನೀರು ಸೇರಿಕೊಂಡಿದೆ, ಕಾಯಿಸಿಯೇ ಕುಡಿಯಿರಿ ಎಂದು ನರ್ಸಮ್ಮ ಮನೆಮನೆಗೆ ಬಂದು ಹೇಳಿದಾಗ ಬೀದಿಯಲ್ಲಿ ಅತ್ತೆಯಷ್ಟು ಕಿವಿಗೊಟ್ಟು ಕೇಳಿದವರಿಲ್ಲ. ಅಂದಿನಿಂದ ನೀರಿನ ಪಾತ್ರೆಯನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ಕಾಯಿಸದವರಿಗೆಲ್ಲ ಚೆನ್ನಾಗಿ ಮಂಗಳಾರತಿಯೂ ಆಗುತ್ತಿತ್ತು. ಪಾಪ, ನರ್ಸಮ್ಮ ಕಾಯಿಸಿ ಅಂದಳೇ ಹೊರತು ಹೇಗೆ ಆರಿಸಬೇಕೆಂದು ಹೇಳಲಿಲ್ಲ. ಅದನ್ನೂ ಹೇಳಬೇಕೆಂದು ಯಾರಿಗೆ ತಾನೇ ಹೊಳೆದೀತು?

ಹೋದ ತಿಂಗಳು ಸೊಸೆಯ ಚಿಕ್ಕ ಮಗನಿಗೆ ಭೇದಿ ಹತ್ತಿತು. ಆಸ್ಪತ್ರೆಗೆ ಹೊತ್ತೊಯ್ದರೂ ನೋಡನೋಡುತ್ತಲೇ ಕೈತಪ್ಪಿ ಹೋದ. ಇಷ್ಟೆಲ್ಲ ಕಾಯಿಸಿ ಕುಡಿಸಿಯೂ ಹೀಗಾಯಿತಲ್ಲ ಎಂದು ಅತ್ತೆ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಿದ್ದರು. ಕೊಳವೆಯನ್ನು ಇನ್ನೂ ಯಾರೂ ಸರಿಮಾಡಿಲ್ಲ.

ಈಗ ಅವನ ಅಕ್ಕ ತಿಂಡಿ ತಿನ್ನುತ್ತ ನೀರು ಕೇಳಿದಳು. ಅತ್ತೆ ಅದೇ ಪಾತ್ರೆಯಿಂದ ಲೋಟ ತುಂಬಿಸಿ ಕೊಟ್ಟರು. ಸೊಸೆ ಓಡಿಬಂದು ಲೋಟ ಕಿತ್ತುಕೊಂಡು ಬಚ್ಚಲಿಗೆ ಚೆಲ್ಲಿದಳು.

"ಯಾಕೆ ಚೆಲ್ಲಿದೆ? ಹದವಾಗೇ ಇತ್ತಲ್ಲ."

ನಿಮ್ಮ ಕೈಯಾರೆ ಕೊಂದಿರಿ ಎಂಬ ಮಾತು ಸೊಸೆಯ ನಾಲಿಗೆಯ ತುದಿಗೆ ಬಂದಿತ್ತು. ಎದುರಿಗಿದ್ದ ಮುಖ ಒಂದು ತಿಂಗಳಲ್ಲಿ ಎಷ್ಟು ಇಳಿದುಹೋಗಿದೆಯೆಂದು ಅವಳು ಆಗಷ್ಟೇ ಸರಿಯಾಗಿ ನೋಡಿದಳು. ಆ ಮಾತನ್ನು ನುಂಗಿಕೊಂಡಳು. ಆದರೆ ಪೂರ್ತಿ ಬಾಯಿ ಮುಚ್ಚಿದರೆ ಉಳಿದಿರುವ ಮಗಳ ಗತಿ?

"ಜಿರಳೆ ಬಿದ್ದಿತ್ತು ಅತ್ತೆ," ಎಂದಳು. "ಇನ್ಮೇಲೆ ನೀರು ನಾನೇ ಕಾಯಿಸಿಟ್ಟು ಹೋಗ್ತೀನಿ. ಮುಚ್ಚಿಟ್ರೆ ತಾನಾಗೇ ಆರುತ್ತೆ. ತಣ್ಣೀರು ಮಾತ್ರ ಬೆರೆಸಬೇಡಿ."

"ಬೆರೆಸಿದ್ರೆ ಏನಾಗುತ್ತೆ?"

ಸೊಸೆ ಪಾತ್ರೆ ಬಗ್ಗಿಸಿ ಉಳಿದ ನೀರನ್ನೂ ಚೆಲ್ಲತೊಡಗಿದಳು. ಅತ್ತೆ ಅದು ಹರಿದುಹೋಗುವುದನ್ನೇ ನೋಡುತ್ತ ನಿಂತರು.

"ಬಿಸಿ ಇದ್ರೆ ಅವನು ಬಾಯಿಗೇ ತಗೋತಿರಲಿಲ್ಲ ಕಣೆ," ಎಂದರು ಕೊನೆಗೆ, ತೀರ ಸಣ್ಣ ದನಿಯಲ್ಲಿ.

ಹುಡುಗಿ ಖಾಲಿ ಲೋಟ ಎತ್ತಿಕೊಂಡು ಬಂದು, "ಅಜ್ಜೀ, ನೀರು," ಎಂದು ಚಾಚಿದಳು. ಅತ್ತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.