ಒಂಬತ್ತು ಹೆಜ್ಜೆಯ ಕಬ್ಬಿಣ

ಕಾದ ಕಬ್ಬಿಣ ಹಿಡಿದು ಒಂಬತ್ತು ಹೆಜ್ಜೆ ನಡೆಯಲು ನನ್ನ ಅಕ್ಕ ಗುನ್‌ವೋರ್ ಒಪ್ಪಿದ್ದು ಮಗನಿಗೆ ಪಟ್ಟ ಕಟ್ಟಿಸಲಿಕ್ಕಲ್ಲ, ಅದನ್ನು ತಪ್ಪಿಸಲಿಕ್ಕೆ.

ಆ ವಸಂತದಲ್ಲಿ ನಮ್ಮ ಸೋಗ್ನ್ ದಂಡೆಗೆ ಐದು ಹಡಗು ಬಂದವು. ಮುಖಂಡ ಥೋರಾಲ್ಫ್. ಬ್ಯೋರ್ಗ್ವಿನ್ನಿನಲ್ಲಿ ಆಳುತ್ತಿದ್ದ ಹದಿನಾರು ವರ್ಷದ ಅರಸ ಅವನ ನೆಲ ಕಿತ್ತುಕೊಂಡಿದ್ದ. ಆ ಅರಸನ ಎದುರು ನಿಲ್ಲಿಸಲು ಥೋರಾಲ್ಫನಿಗೊಬ್ಬ ರಾಜಪುತ್ರ ಬೇಕಾಗಿತ್ತು. ನಮ್ಮಲ್ಲಿ ರಾಣಿ ಹೆತ್ತರೂ ಒಂದೇ, ಹಾಲು ಕರೆಯುವವಳು ಹೆತ್ತರೂ ಒಂದೇ. ಅರಸನ ರಕ್ತವಾದರೆ ಪಟ್ಟಕ್ಕೆ ಹಕ್ಕುಂಟು. ಅದನ್ನು ತಾಯಿ ಕಾದ ಕಬ್ಬಿಣ ಹೊತ್ತು ತೋರಿಸಬೇಕು. ಮೂರನೆಯ ದಿನ ಕಟ್ಟು ಬಿಚ್ಚಿದಾಗ ಗಾಯ ಶುದ್ಧವಾಗಿದ್ದರೆ ದೇವರು ಹೌದೆಂದ ಹಾಗೆ, ಕೀತಿದ್ದರೆ ಇಲ್ಲವೆಂದ ಹಾಗೆ.

ಅಕ್ಕ ಹರೆಯದಲ್ಲಿ ಅರಮನೆಯ ದನಗಳ ಹಾಲು ಕರೆಯುತ್ತಿದ್ದಳು. ಈಗ ತೀರಿಹೋಗಿರುವ ದೊಡ್ಡ ಅರಸ, ಅಂದರೆ ಆ ಹದಿನಾರು ವರ್ಷದವನ ತಂದೆ, ಒಂದು ಬೇಸಿಗೆ ಅಲ್ಲಿ ತಂಗಿದ್ದ. ಅಕ್ಕ ಹೆತ್ತ ಔಡುನ್ ಅವನ ಮಗನೇ. ಅದು ಅಕ್ಕನಿಗೆ ಗೊತ್ತು, ನನಗೆ ಗೊತ್ತು. ಔಡುನ್‌ಗೆ ಊರವರ ಪಿಸುಮಾತು ಮಾತ್ರ ಗೊತ್ತಿತ್ತು.

ಥೋರಾಲ್ಫ್ ಒಬ್ಬ ಕವಿಯನ್ನೂ ಕರೆತಂದಿದ್ದ. ಅವನು ನಮ್ಮ ಒಲೆಯ ಬಳಿ ನಿಂತು ಅರಸರ ವಂಶಾವಳಿಯನ್ನು ಪದ್ಯವಾಗಿ ಹೇಳಿದ: ಇಂಥವನ ಮಗ ಇಂಥವ, ಇಂಥವನ ತಮ್ಮ ಇಂಥವ, ಹೀಗೆ ಇಪ್ಪತ್ತೇಳು ಜನ. ಪದ್ಯ ಕೇಳುತ್ತಲೇ ಬೆಳೆದವಳು ನಾನು, ಮೈ ತಾನಾಗಿ ತೂಗಿತು. ಅಕ್ಕ ಬೆರಳು ಮಡಿಸುತ್ತ ಕೂತಿದ್ದಳು.

“ಏನಕ್ಕ ಎಣಿಸ್ತಿದೀಯ?”

“ಹಾಸಿಗೇಲಿ ಸತ್ತವರನ್ನ. ನಾಕು ಬೆರಳಿಗೇ ಮುಗೀತು ನೋಡು. ಮಿಕ್ಕವರನ್ನೆಲ್ಲ ಅಣ್ಣನೋ ತಮ್ಮನೋ ಚಿಕ್ಕಪ್ಪನೋ ಕೊಂದಿದಾನೆ. ಅದನ್ನ ಈತ ಎಷ್ಟು ಇಂಪಾಗಿ ಹೇಳ್ತಾನಪ್ಪ!”

ಔಡುನ್ ತಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. “ನಾನು ಹಾಗೆ ಮಾಡಲ್ಲಮ್ಮ. ಅವನು ನನ್ನ ತಮ್ಮ. ಅರ್ಧ ರಾಜ್ಯ ಕೇಳ್ತೀನಿ, ಅಷ್ಟೇ. ತಮ್ಮನ ಮೇಲೆ ಕತ್ತಿ ಎತ್ತಲ್ಲ.”

“ಮೊದಲು ತಮ್ಮ ಅಂತ ಗೊತ್ತಾಗ್ಲಿ ಮಾರಾಯ!” ಥೋರಾಲ್ಫ್ ನಕ್ಕ. “ಮೈಯೆಲ್ಲ ಮೀನಿನ ವಾಸನೆ ಇಟ್ಕೊಂಡು ಆಗಲೇ ರಾಜ್ಯ ಪಾಲು ಮಾಡ್ತಿದೀಯ.”

ಅಕ್ಕ ಮೂರು ದಿನ ರೊಟ್ಟಿ, ಉಪ್ಪು, ನೀರಿನಲ್ಲಿ ಉಪವಾಸವಿದ್ದಳು. ಚರ್ಚಿನಲ್ಲಿ ಪಾದ್ರಿ ಕೆಟಿಲ್ ಕಬ್ಬಿಣಕ್ಕೆ ಮಂತ್ರಜಲ ಚಿಮುಕಿಸಿದರು. ಅವಳು ಅದನ್ನು ಹಿಡಿದು ಒಂಬತ್ತು ಹೆಜ್ಜೆಯನ್ನೂ ನಡೆದಳು. ನಾನು ನಾರುಬಟ್ಟೆ ಸುತ್ತಿದೆ, ಪಾದ್ರಿ ಗಂಟಿನ ಮೇಲೆ ಮೇಣದ ಮುದ್ರೆ ಒತ್ತಿದರು.

ಮರುದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ, ಅಕ್ಕ ಮುದ್ರೆ ಮುಟ್ಟದೆ ಮಣಿಕಟ್ಟಿನ ಕಡೆಯಿಂದ ಕಟ್ಟಿನೊಳಗೆ ಕಡ್ಡಿಯಲ್ಲಿ ಸಗಣಿ ತೂರಿಸುತ್ತಿದ್ದಳು. ಅವಳ ಮುಖ ಬೆವತಿತ್ತು.

“ಅಕ್ಕಾ, ದೇವರ ತೀರ್ಪಿಗೆ ಕೈ ಹಾಕಬೇಡ!”

“ಕೈ ನಂದು ಆಸಾ. ದೇವರು ತನ್ನ ಒಬ್ಬನೇ ಮಗನ್ನ ಸಾಯಕ್ಕೆ ಕೊಟ್ಟ, ಆ ದೇವರು ದೊಡ್ಡವನು. ನನ್ನ ಕೈಲಾಗಲ್ಲ.”

ನಾನು ಯಾರಿಗೂ ಹೇಳಲಿಲ್ಲ.

ಮೂರನೆಯ ದಿನ ಕಟ್ಟು ಬಿಚ್ಚಿದಾಗ ನಾತಕ್ಕೆ ಪಾದ್ರಿ ಹಿಂದೆ ಸರಿದರು. ಬಾಗಿಲಲ್ಲಿ ಥೋರಾಲ್ಫನ ಭರ್ಜಿಯವರು ನಿಂತಿದ್ದರು.

“ಎಂಥ ಶುದ್ಧವಾದ ಕೈ!” ಎಂದ ಥೋರಾಲ್ಫ್. “ಅಲ್ವಾ ಪಾದ್ರಿಗಳೇ?”

ಪಾದ್ರಿ ಕೈಯನ್ನು ನೋಡಿದರು, ಭರ್ಜಿಗಳನ್ನು ನೋಡಿದರು. “ಶುದ್ಧ,” ಎಂದರು.

“ಕೊಳೆತಿದೆ! ಮೂಗಿಲ್ವಾ ನಿಮಗೆ? ನೋಡ್ರೋ ಇಲ್ಲಿ!” ಅಕ್ಕ ಕೂಗಿದಳು. ಥೋರಾಲ್ಫನ ಜನ ಹೊಸ ಅರಸನಿಗೆ ಜಯಕಾರವಾಗಿ ಗುರಾಣಿ ಬಡಿಯುವ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ಔಡುನ್ ಮಾತ್ರ ಹತ್ತಿರವೇ ಇದ್ದ. ಹಡಗು ಹತ್ತುವ ಮೊದಲು, ಯಾರದೋ ಕೆಂಪು ನಿಲುವಂಗಿ ತೊಟ್ಟು ನಮ್ಮ ಬಳಿ ಬಂದ.

“ಅಮ್ಮ, ಕೈ ಕೀತಿತ್ತು.”

“ಹೌದು ಕಣೋ,” ಅಕ್ಕ ಅವನ ತೋಳು ಹಿಡಿದಳು. “ನೀನು ಅರಸನ ಮಗ ಅಲ್ಲ. ದೋಣಿ ಕಟ್ಟೋ ಸ್ವೇನುಂಗನ ಮಗ. ಹೋಗಬೇಡ.”

ನಿಲುವಂಗಿ ಕಳಚುತ್ತಾನೆಂದುಕೊಂಡೆ. ಅವನು ಉಸಿರು ಬಿಟ್ಟ. ಹೊರೆ ಇಳಿಸಿದವನ ಹಾಗಿತ್ತು ಅವನ ಮುಖ.

“ಹಾಗಾದ್ರೆ ಬ್ಯೋರ್ಗ್ವಿನ್ನಿನ ಆ ಹುಡುಗ ನಂಗೆ ಯಾರೂ ಅಲ್ಲ. ಎಷ್ಟು ದಿನದಿಂದ ಅದೇ ಕೊರೀತಿತ್ತಮ್ಮ. ಇನ್ನು ಅರ್ಧ ಕೇಳೋ ಗೋಜೇ ಇಲ್ಲ, ಪೂರ್ತಿ ತಗೋಬಹುದು.”

ಅಕ್ಕ ಅವನ ನಿಲುವಂಗಿ ಹಿಡಿದು ಜಗ್ಗಿದಳು. “ಇಲ್ಲ, ಸುಳ್ಳು ಹೇಳಿದೆ! ಅವನು ನಿನ್ನ ತಮ್ಮನೇ! ಸಗಣಿ ತುಂಬಿದ್ದು ನಾನೇ, ನಿನ್ನ ಚಿಕ್ಕಮ್ಮನ್ನ ಕೇಳು!”

ನಾನು ಶಿಲುಬೆ ಮುಟ್ಟಿ ಆಣೆಯಿಟ್ಟೆ. ಅವನು ಮಕ್ಕಳನ್ನು ನೋಡುವ ಹಾಗೆ ನನ್ನನ್ನು ನೋಡಿದ.

“ಬಿಡು ಚಿಕ್ಕಮ್ಮ. ಪಾದ್ರಿ ಸುಳ್ಳು ಹೇಳಿದ್ರು, ಅಮ್ಮನ ಮಾತು ಗಳಿಗೆಗೊಂದು, ಈಗ ನೀನೂ. ಆ ಕೈ ಒಂದೇ ನಿಜ ಹೇಳಿದ್ದು.”

ಬಾರ್ಲಿ ಕೊಯ್ಯುವ ಹೊತ್ತಿಗೆ ಅಕ್ಕನ ಕೈ ಮಣಿಕಟ್ಟಿನವರೆಗೆ ಹೋಗಿತ್ತು. ಉಪ್ಪು ಮಾರುವವನೊಬ್ಬ ಅಂಗಳದಲ್ಲಿ ಕೂತು ಮಜ್ಜಿಗೆ ಕುಡಿಯುತ್ತ ಸುದ್ದಿ ಹೇಳಿದ.

“ಬ್ಯೋರ್ಗ್ವಿನ್ನಿನ ಹುಡುಗ ಅರಸ ಚರ್ಚಿನೊಳಗೆ ಬಚ್ಚಿಟ್ಟುಕೊಂಡಿದ್ನಂತೆ. ಹೊಸ ಅರಸರೇ ಎಳೆದು ತಂದು ಕಡಿದ್ರಂತೆ. ಆಮೇಲೆ ಹೆಣ ತೊಳೆದು ಮಲಗಿಸಿ ನೋಡ್ತಾರೆ, ಇಬ್ಬರದೂ ಒಂದೇ ಅಚ್ಚು! ಹುಬ್ಬು, ಗಲ್ಲ, ಎಲ್ಲ. ಅವತ್ತಿಂದ ಯಾರಿಗೂ ಅನುಮಾನ ಇಲ್ಲಮ್ಮ, ಹೊಸ ಅರಸರು ದೊಡ್ಡ ಅರಸರ ಮಗನೇ.”

“ಔಡುನ್ ನೋಡಿದ್ನಾ?” ಅಕ್ಕ ಕೇಳಿದಳು. “ಆ ಮುಖಾನ?”

“ನೋಡದೆ ಏನು? ದೀಪ ತರಿಸಿ ಪಕ್ಕದಲ್ಲೇ ಕೂತಿದ್ರಂತೆ. ಯಾರು ಕರೆದ್ರೂ ಏಳಲಿಲ್ವಂತೆ.”