ವಡಾಲ ನಾಕಾದ ಸುದ್ದಿ

ವಡಾಲದ ನಾಲ್ಕು ರಸ್ತೆ ಕೂಡುವ ನಾಕಾದಲ್ಲಿ ಬೆಳಗಾದರೆ ನೂರೈವತ್ತು ಜನ ಕೆಲಸಕ್ಕಾಗಿ ನಿಲ್ಲುತ್ತಾರೆ. ಗಾರೆಯವರು, ಬಣ್ಣದವರು, ಬುಟ್ಟಿ ಹೊರುವ ಹೆಂಗಸರು. ಹೆಚ್ಚಿನವರು ವಿಜಯಪುರದ ಕಡೆಯವರು. ಆಳು ಒಯ್ಯುವ ಮುಕಾದಮರು ಬಂದು ಬೆರಳು ತೋರಿಸಿ ಆರಿಸಿಕೊಳ್ಳುವ ತನಕ ನಿಂತೇ ಇರಬೇಕು. ಆ ಹೊತ್ತಿನಲ್ಲಿ ಎಲ್ಲರ ಫೋನಿನಲ್ಲೂ ಒಂದೇ ದನಿ ಕೇಳುತ್ತಿತ್ತು.

"ಶರಣ್ರೀ, ಇವತ್ತಿನ ಸುದ್ದಿ ಕೇಳ್ರಿ. ಫೋರ್ಟ್ ಏರಿಯಾದಾಗ ಹಳೇ ಗ್ವಾಡಿ ಒಡೀಲಿಕ್ಕ ಹತ್ತು ಗಂಡಾಳು ಬೇಕು. ಸಾಂತಾಕ್ರೂಜದಾಗ ಲಿಫ್ಟ್ ಕೆಟ್ಟೈತಿ, ಏಳು ಮಾಳಿಗಿ ಹತ್ತಬೇಕು, ಮೊಣಕಾಲು ನೋವಿದ್ದೋರು ಹೋಗಬ್ಯಾಡ್ರಿ. ಬಸವಂತಪ್ಪನೋರ ಆಧಾರ್ ಕಾರ್ಡ್ ಲೋಕಲ್ ಟ್ರೇನಿನಾಗ ಸಿಕ್ಕೈತಿ, ಚಹಾದಂಗಡ್ಯಾಗ ಇಟ್ಟಾರ. ಫೋಟೋ ಚಲೋ ಬಂದಿಲ್ಲ, ಆದರ ಅವರೇ."

ಎರಡು ನಿಮಿಷ, ಅಷ್ಟೇ. ಆ ದನಿ ಯಾರದೆಂದು ನಾಕಾದಲ್ಲಿ ಒಬ್ಬರಿಗೇ ಗೊತ್ತಿತ್ತು. ಅವಳು ಹಾಲವ್ವ. ಗೊತ್ತಿರದೆ ಏನು, ಹೆತ್ತವಳೇ ಅವಳು.

ಹಾಲವ್ವನ ಮಗಳು ಶಿವಕುಮಾರಿ ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಚಾಳಿನ ಕೋಣೆಯಲ್ಲಿ ಕೂತು ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು. ಮನೆಗೆ ಯಾರಾದರೂ ಬಂದರೆ ನೀರು ಕೊಟ್ಟು ಒಳಗೆ ಸರಿಯುವ ಹುಡುಗಿ. ಅಪ್ಪ ಅಣವೀರಪ್ಪ ವಾಚ್‌ಮನ್. ಅವನ ಗೆಳೆಯರೂ ಊರ ತುಂಬ ಕಟ್ಟಡದ ಸೈಟುಗಳ ಗೇಟಿನಲ್ಲಿ ಕೂತ ವಾಚ್‌ಮನ್‌ಗಳೇ. ಎಲ್ಲಿ ಸಿಮೆಂಟು ಬಂತು, ಎಲ್ಲಿ ಕೆಲಸ ನಿಂತಿತು ಅನ್ನುವುದು ಮಾಲೀಕರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಶಿವಕುಮಾರಿ ಅವರಿಗೆ ಫೋನು ಹಚ್ಚಿ ಕೇಳುತ್ತಿದ್ದಳು, ಓದಲು ಬಾರದ ಅವ್ವನಿಗಾಗಿ ಸುದ್ದಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಅವ್ವ ಅದನ್ನು ಗೆಳತಿ ನಾಗವ್ವನಿಗೆ ಕಳಿಸಿದಳು. ನಾಗವ್ವ ಜಗತ್ತಿಗೆಲ್ಲ ಕಳಿಸಿದಳು.

"ನನ್ನ ಹೆಸರು ಹೇಳಿದಿ ಅಂದರ ನಾಳಿಂದ ಸುದ್ದಿ ಬಂದ್," ಎಂದು ಶಿವಕುಮಾರಿ ಅವ್ವನಿಂದ ಆಣೆ ಹಾಕಿಸಿಕೊಂಡಿದ್ದಳು. ಕೈಯಿಂದ ಕೈಗೆ ಹೋದ ಸಂದೇಶದಲ್ಲಿ ಮೊದಲು ಕಳಿಸಿದವರ ಹೆಸರು ಕಾಣುವುದಿಲ್ಲವಲ್ಲ, ಅದು ಅವಳಿಗೆ ಬಲು ಹಿಡಿಸಿತ್ತು. ಮುಖವಿಲ್ಲದೆ ಮಾತಾಡುವುದಾದರೆ ಅವಳಷ್ಟು ಧೈರ್ಯವಂತೆ ಬೇರೆ ಇರಲಿಲ್ಲ.

ಹೆಸರಿಲ್ಲದ ವಸ್ತು ಬಿದ್ದಿದ್ದರೆ ಎತ್ತಿಕೊಳ್ಳುವವರು ಇದ್ದೇ ಇರುತ್ತಾರೆ. ಬಿಳಿ ಬೂಟು ಹಾಕಿಕೊಂಡು ಎರಡು ಫೋನು ಹಿಡಿದು ತಿರುಗುವ ಮುಕಾದಮ ಸುಭಾಷ ಒಂದು ದಿನ ನಾಕಾದಲ್ಲಿ, "ಅರೇ, ಆ ಸುದ್ದಿ ಹುಡುಗಿ ನಮ್ಮ ಆಫೀಸಿನಾಕಿನೇ. ನಾನೇ ಇಟ್ಟೀನಿ," ಅಂದ. ಹಾಲವ್ವ ಆಣೆ ನೆನೆದು ತುಟಿ ಕಚ್ಚಿಕೊಂಡಳು. ಮನೆಗೆ ಬಂದು ಹೇಳಿದಾಗ ಶಿವಕುಮಾರಿ ನಕ್ಕಳು. "ಅಂದುಕೊಳ್ಳಲಿ ಬಿಡು. ಸುದ್ದಿ ಖರೇ ಇದ್ದರ ಸಾಕು."

ಮರುವಾರ ಸಂಜೆ ಹಾಲವ್ವ ಚಪ್ಪಲಿ ಎಸೆದು ಒಳಗೆ ಬಂದಳು.

"ಯಾಕವ್ವಾ ಸುಳ್ಳು ಹೇಳಿದಿ? ಸಾಂತಾಕ್ರೂಜದಾಗ ಇನ್ನೂರು ಆಳು ಬೇಕು, ಓಡ್ರಿ ಅಂದಿ. ಹೋದರ ಅಲ್ಲಿ ಬೇಕಾದದ್ದು ಇಪ್ಪತ್ತೈದು! ಗುಂಪು ಕಂಡು ಸುಭಾಷ, 'ಕಮ್ಮಿ ಕೂಲಿಗೆ ಯಾರು ಬರ್ತೀರಿ' ಅಂತ ಹರಾಜು ಹಚ್ಚಿದ. ಉಳಿದೋರು ತಿರುಗಿ ಬರೋದ್ರಾಗ ಇಲ್ಲಿ ನಾಕಾ ಖಾಲಿ. ಮಂದಿ ನಿನಗ ಏನೇನು ಬೈದರು, ಕಿವಿ ಮುಚ್ಚಿಕೊಂಡು ಬಂದೆ."

"ನಾ ಹಂಗ ಹೇಳೇ ಇಲ್ಲವ್ವಾ."

"ನಾಗವ್ವನ ಫೋನಿನಾಗ ನಾನೇ ಕೇಳೀನಿ. ನನ್ನ ಮಗಳ ದನಿ ನನಗ ಗೊತ್ತಾಗೂದಿಲ್ಲೇನು?"

ಆ ಸಂದೇಶವನ್ನು ತರಿಸಿಕೊಂಡು ಶಿವಕುಮಾರಿ ಕೇಳಿದಳು. "ಶರಣ್ರೀ, ತಾಜಾ ಸುದ್ದಿ ಕೇಳ್ರಿ." ಅವಳದೇ ದನಿ, ಅವಳದೇ ರಾಗ. ಹತ್ತು ಸೆಕೆಂಡಿನ ದನಿ ಕೊಟ್ಟರೆ ಬೇಕಾದ್ದನ್ನೆಲ್ಲ ಮಾತಾಡಿಸುವ ಆ್ಯಪ್‌ಗಳಿವೆಯೆಂದು ಅವಳೂ ಕೇಳಿದ್ದಳು. ಆದರೆ ಅದು ತನ್ನ ಬಾಯಿಯಲ್ಲಿ ತನ್ನ ಅವ್ವನನ್ನೇ ಸಾಂತಾಕ್ರೂಜಕ್ಕೆ ಓಡಿಸುತ್ತದೆಂದು ಅಂದುಕೊಂಡಿರಲಿಲ್ಲ. ಯಾರೋ ತನ್ನ ಕುಪ್ಪಸ ತೊಟ್ಟು ಓಣಿಯಲ್ಲಿ ಓಡಾಡಿದ ಹಾಗೆ ಅನ್ನಿಸಿತು.

ಕೂಡಲೇ ಒಂದು ಸಂದೇಶ ಕಳಿಸಿದಳು: "ಅದು ನಾನಲ್ರೀ, ಅದು ಕೃತಕ ದನಿ. ನಂಬಬ್ಯಾಡ್ರಿ."

ಒಂದು ತಾಸಿನಲ್ಲಿ ಅದೇ ದನಿಯಲ್ಲಿ ಉತ್ತರ ಹರಿದಾಡಿತು: "'ಅದು ನಾನಲ್ಲ' ಅಂದಾಕಿನೇ ಕೃತಕ ರೀ. ಖರೇ ಇದ್ದಾಕಿ ನಾನು."

ನಾಕಾಕ್ಕೆ ಪುಕ್ಕಟೆ ಮೋಜು ಸಿಕ್ಕಿತು. ಗಾರೆಯ ಗುರುಪಾದ, "ಒಂದೇ ದನಿಯ ಸವತ್ಯಾರು," ಎಂದು ಎರಡನ್ನೂ ಒಟ್ಟಿಗೆ ಹಚ್ಚಿ ಕೇಳಿಸುತ್ತಿದ್ದ. ಮತ್ತೊಂದು ಸಂದೇಶ ಕಳಿಸಲು ಫೋನು ಹಿಡಿದ ಶಿವಕುಮಾರಿ ಹಾಗೇ ಇಟ್ಟುಬಿಟ್ಟಳು. ಎಷ್ಟು ಹೇಳಿದರೂ ಅದನ್ನು ಇನ್ನೊಬ್ಬಳು ಅಷ್ಟೇ ಚೆಂದಾಗಿ ಹೇಳುತ್ತಾಳೆ. ಸುಮ್ಮನಿದ್ದರೆ ನಾಳೆ ಬೆಳಿಗ್ಗೆ ತನ್ನ ದನಿ ಮತ್ತೆ ನೂರು ಜನರ ದಿನ ಹಾಳು ಮಾಡುತ್ತದೆ.

ಬೆಳಿಗ್ಗೆ ಅವಳು ಅವ್ವನ ಹಿಂದೆ ನಡೆದಳು. ನಾಕಾ ಕಂಡಾಗ ಕಾಲುಗಳು ಮನೆಯ ಕಡೆ ತಿರುಗಿದವು. ಹಾಲವ್ವ ರಟ್ಟೆ ಹಿಡಿದು, "ಬಂದೀ ಅಂದ ಮ್ಯಾಲ ಬಾ," ಅಂದಳು. ಎಲ್ಲರೂ ನಾಗವ್ವನ ಫೋನಿನ ಸುತ್ತ ತಲೆ ಬಗ್ಗಿಸಿದ್ದರು.

"ರೀ... ಆ ಸುದ್ದಿ ಹೇಳಾಕಿ ನಾನ್ರೀ," ಅಂದಳು ಶಿವಕುಮಾರಿ.

"ಶ್! ಸುಮ್ಮನಿರವ್ವಾ, ಸುದ್ದಿ ನಡದೈತಿ," ಎಂದು ನಾಗವ್ವ ತಲೆ ಎತ್ತದೆ ಗದರಿದಳು.

ಫೋನಿನೊಳಗಿನ ಶಿವಕುಮಾರಿ, ಇವತ್ತೂ ಸಾಂತಾಕ್ರೂಜಕ್ಕೆ ಇನ್ನೂರು ಆಳು ಬೇಕೆಂದು ಇಂಪಾಗಿ ಹೇಳುತ್ತಿದ್ದಳು. ಹೊರಗಿನ ಶಿವಕುಮಾರಿ ಇನ್ನೊಮ್ಮೆ ಹೇಳಿದಳು. ಸುಭಾಷ ಅಲ್ಲೇ ಇದ್ದ.

"ವಾಹ್! ಯಾರು ಬೇಕಾದರೂ ಬಂದು ಹಂಗ ಅನಬಹುದು. ಪ್ರೂಫ್ ಏನು? ದನಿನೂ ಹೊಂದೂದಿಲ್ಲ, ಬೆಕ್ಕಿನ ಮರಿಗತೆ ಐತಿ."

ಕೆಲವರು ನಕ್ಕರು. ಅವನು ಅಂದದ್ದು ನಿಜವೂ ಆಗಿತ್ತು. ನೂರು ಕಣ್ಣುಗಳ ಮುಂದೆ ಅವಳ ದನಿ ಅರ್ಧಕ್ಕರ್ಧ ಒಣಗಿತ್ತು. ಪ್ರೂಫ್ ಎಂದರೆ ಏನು ತೋರಿಸಬೇಕೆಂದು ತಿಳಿಯಲಿಲ್ಲ. ತಿಳಿದಿದ್ದು ಇವತ್ತಿನ ಸುದ್ದಿಯೊಂದೇ. ಸುಭಾಷನ ಬಿಳಿ ಬೂಟಿನ ಮೇಲೆ ಕಣ್ಣು ನೆಟ್ಟು ಅದನ್ನೇ ಹೇಳತೊಡಗಿದಳು.

"ಸಾಂತಾಕ್ರೂಜಕ್ಕ ಇನ್ನೂರಲ್ರೀ, ಹದಿನೆಂಟು ಮಂದಿ. ಆರು ಹೆಂಗಸರು, ಹನ್ನೆರಡು ಗಂಡಸರು. ಗೇಟಿನ ವಾಚ್‌ಮನ್ ಕಾಕಾ ಈಗ ಹೇಳಿದರು."

"ಎಷ್ಟನೇ ಮಾಳಿಗಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಮೂರು. ಲಿಫ್ಟ್ ರಿಪೇರಿ ಆಗೈತಿ."

"ಊಟಕ್ಕ ಯಾವಾಗ ಬಿಡ್ತಾರ?" ಇದು ಗುರುಪಾದ.

"ಒಂದಕ್ಕ ಅಂತಾರ, ಎರಡಾಗತೈತಿ. ಏನರ ತಿಂದು ಹೋಗ್ರಿ."

ನಾಗವ್ವ ಈಗ ತಲೆ ಎತ್ತಿದಳು. ಕೈಯಲ್ಲಿದ್ದ ಫೋನನ್ನು ಬಾಯಿಯ ಹತ್ತಿರ ತಂದು, "ಏ ತಂಗಿ, ಊಟಕ್ಕ ಯಾವಾಗ ಬಿಡ್ತಾರ?" ಎಂದು ಅದನ್ನೂ ಕೇಳಿದಳು. ಅದು ತನ್ನ ಪಾಡಿಗೆ ಇನ್ನೂರು ಆಳು, ಇನ್ನೂರು ಆಳು ಅನ್ನುತ್ತಲೇ ಇತ್ತು. ಜನ ಗೊಳ್ಳೆಂದು ನಕ್ಕರು. ಸುಭಾಷನ ಒಂದು ಫೋನು ರಿಂಗಾಯಿತೋ ಇಲ್ಲವೋ, ಅವನು ಮಾತ್ರ ಅದನ್ನು ಕಿವಿಗಿಟ್ಟುಕೊಂಡು, "ಹಾಂ ಹಾಂ, ಬಂದೆ," ಎನ್ನುತ್ತ ರಸ್ತೆ ದಾಟಿದ.

"ನೀನ ಹೇಳವ್ವಾ," ಅಂದಳು ನಾಗವ್ವ ಫೋನು ಕುಪ್ಪಸದೊಳಗೆ ತುರುಕುತ್ತ. "ಆದರ ಜೋರಾಗಿ ಹೇಳು. ದನಿ ಏರಸಾಕ ನಿನಗ ಬಟನ್ ಐತೇನು ಒತ್ತಲಿಕ್ಕ?"

ಗುಂಪು ಅವಳ ಸುತ್ತ ಒತ್ತಿ ಬಂತು. ಫೋರ್ಟಿನ ಸುದ್ದಿ ಆಯಿತು. ನಲ್ಲಿಗೆ ನೀರು ಯಾವಾಗ ಬರುತ್ತದೆ ಅನ್ನುವುದೂ ಆಯಿತು. ಸಂತು ಎಂಬ ಬಣ್ಣದವನು ಮುಂದೆ ಬಂದು, "ಅಕ್ಕಾ, ಶುಕ್ರವಾರ ವಿಜಯಪುರದ ಬಸ್ಸಿನಾಗ ಸೀಟು ಅದಾವೇನ್ರೀ?" ಎಂದು ಕೇಳಿದ.

ಶಿವಕುಮಾರಿ ಮೊದಲ ಸಲ ಬೂಟು ಚಪ್ಪಲಿಗಳನ್ನು ಬಿಟ್ಟು ಎದುರಿನವರ ಮುಖ ನೋಡಿದಳು.

"ಅದು ಗೊತ್ತಿಲ್ರೀ," ಅಂದಳು. "ಕೇಳಿಕೊಂಡು ನಾಳೆ ಬಂದು ಹೇಳ್ತೀನಿ."