ವಿಮಾನದ ಹೋಟೆಲಿನ ಕಡೆಯ ಪಂಕ್ತಿ

ರಸ್ತೆ ಪಕ್ಕದ ಆ ಹೋಟೆಲನ್ನು ಎಲ್ಲರೂ ‘ವಿಮಾನ’ ಎಂದೇ ಕರೆಯುತ್ತಿದ್ದರು. ಹಾರಾಟ ಮುಗಿಸಿದ ಹಳೆಯ ವಿಮಾನವೊಂದನ್ನು ಅಪ್ಪ ತಂದು, ಕಬ್ಬಿಣದ ಕಂಬಗಳ ಮೇಲೆ ನಿಲ್ಲಿಸಿ, ಒಳಗೆ ಮೇಜು, ಬೆಂಚು ಹಾಕಿಸಿದ್ದ. ಒಂದು ಕಾಲದಲ್ಲಿ ಅದರಲ್ಲೇ ಊಟ ಮಾಡಬೇಕೆಂದು ಮಕ್ಕಳು ಹಟ ಹಿಡಿದು ಕಾರು ನಿಲ್ಲಿಸುವಂತೆ ಮಾಡುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅಡುಗೆ ಅಕ್ಕನ ಪಾಲಿಗೆ ಬಂತು, ಗಲ್ಲಾ ತಮ್ಮನ ಪಾಲಿಗೆ. ಆಮೇಲೆ ಹೊಸ ರಸ್ತೆ ಗುಡ್ಡದ ಆಚೆ ಹೋಯಿತು. ಗಿರಾಕಿಗಳೂ ಅದರ ಹಿಂದೆಯೇ ಹೋದರು. ರೆಕ್ಕೆಯ ಬಣ್ಣ ಹಕ್ಕಳೆ ಎದ್ದಿತು. ಮಳೆ ಬಂದರೆ ಮೇಜಿನ ಮೇಲೆ ಪಾತ್ರೆ ಇಡಬೇಕಾಯಿತು.

ಬಾಲದ ಕೆಳಗಿನ ಕಂಬಕ್ಕೆ ತುಕ್ಕು ಹಿಡಿದಿದೆ, ಹಿಂದಿನ ಬೆಂಚುಗಳಲ್ಲಿ ಯಾರನ್ನೂ ಕೂರಿಸಬೇಡ ಎಂದು ಅಕ್ಕ ಹೇಳುತ್ತಲೇ ಇದ್ದಳು. ವೆಲ್ಡಿಂಗ್ ಮಾಡಿಸಿದೆ ಎಂದು ತಮ್ಮ ಮೊನ್ನೆ ಹೇಳಿದ. ಕಂಬ ಬೆಳ್ಳಿಬಣ್ಣದಲ್ಲಿ ಹೊಳೆಯುತ್ತಿತ್ತು. ಅಕ್ಕ ನಂಬಿದಳು.

ಆ ಮಧ್ಯಾಹ್ನ ಗಾಳಿ ಜೋರಾಗಿತ್ತು. ಹೊಸ ರಸ್ತೆಯಲ್ಲಿ ಮರ ಬಿದ್ದಿದ್ದರಿಂದ ಬಸ್ಸೊಂದು ಹಳೆಯ ದಾರಿ ಹಿಡಿದು ಬಂದು, ವಿಮಾನ ಕಂಡು ನಿಂತಿತು. ಎಷ್ಟೋ ಕಾಲದ ಮೇಲೆ ಬೆಂಚುಗಳೆಲ್ಲ ತುಂಬಿದವು. ತಮ್ಮ ಹಿಗ್ಗಿ ಹೀರೇಕಾಯಿಯಾದ.

ಹೊರಗಿನ ಶೆಡ್ಡಿನಲ್ಲಿ ಒಲೆಯ ಮುಂದಿದ್ದ ಅಕ್ಕನಿಗೆ ಲಟ್ಟೆಂಬ ಸದ್ದು ಕೇಳಿತು. ಬಂದು ನೋಡಿದಳು. ಬಾಲದ ಕಂಬದ ಬುಡದಲ್ಲಿ ಹೊಸ ಬಣ್ಣ ಸೀಳಿತ್ತು. ಒಳಗೆ ಬೆರಳು ತೂರುವಷ್ಟು ತೂತು. ವೆಲ್ಡಿಂಗಿನ ಗುರುತೇ ಇಲ್ಲ. ಗಾಳಿ ಬೀಸಿದಾಗ ಕಂಬ ತುಸು ಬಾಗಿತು. ಬಾಗಿದ್ದು ನೆಟ್ಟಗಾಗಲಿಲ್ಲ.

ಮೂತಿಯ ಕಡೆಯ ಏಣಿ ಹತ್ತಿ ಅವಳು ಗಲ್ಲಾದ ಹತ್ತಿರ ಬಗ್ಗಿ ವಿಷಯ ಹೇಳಿದಳು. ತಮ್ಮನ ಮುಖ ಬಿಳಿಚಿಕೊಂಡಿತು.

“ಬರೀ ಬಣ್ಣ ಬಳಿದಿದ್ದೆ ಅಕ್ಕಾ. ಮುಂದಿನ ವಾರ ಮಾಡಿಸೋಣ ಅಂತಿದ್ದೆ.”

“ಈಗ ಬಾಯಿ ಮುಚ್ಚು. ಎಲ್ಲರೂ ಒಟ್ಟಿಗೆ ಎದ್ದು ನುಗ್ಗಿದ್ರೆ ಕತೆ ಮುಗೀತು. ಏಣಿ ಹತ್ರ ನಿಂತು ಒಬ್ಬೊಬ್ಬರನ್ನೇ ಇಳಿಸು.”

ಆಮೇಲೆ ಅವಳು ಗಟ್ಟಿಯಾಗಿ, ರಸ್ತೆಯಾಚೆಯ ಮರದ ಕೆಳಗೆ ಎಲ್ಲರಿಗೂ ಪುಕ್ಕಟೆ ಚಹಾ ಇದೆ, ಹಿಂದಿನವರು ಮೊದಲು ಹೋಗಬೇಕು ಎಂದಳು. ತಟ್ಟೆಯಲ್ಲಿ ಅನ್ನ ಇರುವಾಗಲೇ ಎಬ್ಬಿಸುತ್ತಾರಲ್ಲ ಎಂದು ಜನ ಗೊಣಗಿದರು.

“ಯಾಕಮ್ಮಾ, ವಿಮಾನ ಹೊರಡೋ ಹೊತ್ತಾಯ್ತಾ?” ಎಂದ ಒಬ್ಬ.

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಅವಳ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಒಂದೊಂದೇ ಬೆಂಚು ಖಾಲಿಯಾಯಿತು. ಮೇಜಿನ ಮೇಲಿದ್ದ ಲೋಟವೊಂದು ಯಾರೂ ಮುಟ್ಟದೆಯೇ ಬಾಲದ ಕಡೆಗೆ ಜಾರತೊಡಗಿತು.

ಕೊನೆಯ ಬೆಂಚಿನ ಕಿಟಕಿಯ ಪಕ್ಕ ಒಬ್ಬ ಅಜ್ಜಿ ಮಾತ್ರ ಉಳಿದಳು. ಹುಟ್ಟಿದಾಗಿನಿಂದ ವಿಮಾನದಲ್ಲಿ ಕೂತಿಲ್ಲ, ಇವತ್ತು ತಟ್ಟೆ ಖಾಲಿಯಾಗದೆ ಏಳುವುದಿಲ್ಲ ಎಂದು ಪಟ್ಟು ಹಿಡಿದಳು. ಅಕ್ಕ ಅವಳ ಕಿವಿಯ ಹತ್ತಿರ ಬಗ್ಗಿದಳು.

“ಅಜ್ಜೀ, ಇದು ಬೀಳ್ತಾ ಇದೆ.”

ಅಜ್ಜಿ ಅವಳ ಮುಖವನ್ನೇ ನೋಡಿ, ತಟ್ಟೆಯಲ್ಲೇ ಕೈ ತೊಳೆದಳು.

“ಮೊದಲೇ ಹೇಳಬಾರದಿತ್ತೇನೇ ತಾಯಿ? ನನ್ನ ಮಂಡಿ ಬೇರೆ ಹಿಡಕೊಂಡಿದೆ.”

ಒಬ್ಬಳಿಂದ ಅಜ್ಜಿಯನ್ನು ಎತ್ತಲಾಗಲಿಲ್ಲ. ಅಕ್ಕ ಬಾಗಿಲ ಕಡೆ ನೋಡಿದಳು. ಏಣಿಯ ಮೇಲೆ ನಿಂತಿದ್ದ ತಮ್ಮ ಕಲ್ಲಾಗಿದ್ದ. ಮತ್ತೆ ಲಟ್ಟೆಂದಿತು. ಅವನು ಕಣ್ಣು ಮುಚ್ಚಿ ತೆರೆದು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಒಳಗೆ ಬಂದ. ಇಬ್ಬರೂ ಅಜ್ಜಿಯ ಕಂಕುಳಿಗೆ ಕೈಹಾಕಿ ಎತ್ತಿಕೊಂಡು ನಡೆದರು. ಕಾಲ ಕೆಳಗೆ ನೆಲ ಇಳಿಜಾರಾಗುತ್ತಿತ್ತು.

ಅವರು ರಸ್ತೆ ಮುಟ್ಟುವಷ್ಟರಲ್ಲಿ ಕಂಬ ಮಡಚಿಕೊಂಡಿತು. ಬಾಲ ನೆಲಕ್ಕೆ ಅಪ್ಪಳಿಸಿತು, ಮೂತಿ ಮೇಲೆದ್ದು ಏಣಿಯನ್ನು ಕಿತ್ತುಕೊಂಡಿತು, ನಡುಭಾಗ ಸೀಳಿತು. ಧೂಳು ಇಳಿಯಿತು. ಚಹಾ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಆದರೂ ಅಕ್ಕ ಶೆಡ್ಡಿಗೆ ಹೋಗಿ ಕಾಸಿ ತಂದಳು.

ಮರುವಾರ ಗುಜರಿಯವರು ವಿಮಾನವನ್ನು ಕತ್ತರಿಸಲು ಬಂದರು. ಸುದ್ದಿ ತಿಳಿದು ಎಲ್ಲೆಲ್ಲಿಂದಲೋ ಜನ ಸೇರಿದರು, ಕೆಲವರು ಕಣ್ಣೊರೆಸಿಕೊಂಡರು. ಇದನ್ನು ಉಳಿಸಿಕೊಳ್ಳಬಾರದಿತ್ತೆ ಎಂದು ಒಬ್ಬರು ಕೇಳಿದಾಗ, ನೀವು ಇಲ್ಲಿ ಕಡೆಯ ಸಲ ಊಟ ಮಾಡಿದ್ದು ಯಾವಾಗ ಎಂದು ಅಕ್ಕ ಕೇಳಿದಳು.

ತಮ್ಮ ಅವಳ ಪಕ್ಕಕ್ಕೆ ಬಂದು ನಿಂತ.

“ಒಂದು ಸಲ ಬೈದುಬಿಡು ಅಕ್ಕಾ.”

“ಬೈದ್ರೆ ನಿನಗೆ ಹಗುರಾಗುತ್ತೆ. ಬೈಯಲ್ಲ.”

ಅವನು ಅಂಗಿಯ ತೋಳು ಮಡಚಿ, ವಿಮಾನದ ಸೀಳಿದ ಹೊಟ್ಟೆಯೊಳಗಿಂದ ಬೆಂಚುಗಳನ್ನು ಎಳೆದು ಹೊರಗಿಡತೊಡಗಿದ.